ಲಂಗದ ಉದ್ದ: ಅಳತೆ ಮತ್ತು ಔಚಿತ್ಯ

ಕನ್ನಡ ಪಾಠ ಹೇಳಿ ನಿವೃತ್ತಳಾದವಳು ಲಂಗದ ಉದ್ದವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಾವ್ಯಪಾಠದಲ್ಲಿ ನಾವು ವರ್ಷವರ್ಷವೂ ಬಳಸುತ್ತ ಬಂದ ‘ಔಚಿತ್ಯ’ ಎಂಬ ಮಾತನ್ನು ವಿವರಿಸಲು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಆರಿಸಿಕೊಂಡ ಉದಾಹರಣೆ ಉಡುಗೆತೊಡುಗೆಯದೇ. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ತಾನಿರಬೇಕಾದ ಎಡೆಯಲ್ಲಿ ಇರದಿದ್ದರೆ ನಗೆಗೆ ಈಡಾಗುತ್ತದೆಂದು ಆತ ತೋರಿಸಿಕೊಟ್ಟ. ಒಡವೆಗೆ ಸಲ್ಲುವ ಮಾತು ಬಟ್ಟೆಗೂ ಸಲ್ಲುತ್ತದೆ.

ಹೆಣ್ಣುಮಕ್ಕಳು ಉಡುವ ಲಂಗದ ಅಥವಾ ಸ್ಕರ್ಟಿನ ಕೆಳ ಅಂಚು ಕಾಲಿನ ಯಾವ ಎಡೆಯಲ್ಲಿ ನಿಲ್ಲಬೇಕು? ಮಂಡಿಯ ಬಳಿಯೋ, ಮೀನಖಂಡದ ಮೇಲೋ, ಪಾದದ ಗಿಣ್ಣಿನವರೆಗೋ? ಈ ಪ್ರಶ್ನೆಗೆ ಮನೆಯ ಹಿರಿಯರು ಒಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿದ್ದಾರೆ: ಉದ್ದವಿದ್ದಷ್ಟೂ ಮರ್ಯಾದೆ. ಅಂಗಡಿಯವರು ಇನ್ನೊಂದನ್ನು ಇಟ್ಟುಕೊಂಡಿದ್ದಾರೆ: ಈ ವರ್ಷ ಯಾವುದು ನಡೆಯುತ್ತದೆಯೋ ಅದು. ಎರಡು ಉತ್ತರಗಳೂ ಉಡುವವಳನ್ನು ಕಣ್ಣೆತ್ತಿ ನೋಡಿಲ್ಲ. ಅವಳ ಎತ್ತರವೆಷ್ಟು, ಮೈಕಟ್ಟು ಹೇಗಿದೆ, ಅದನ್ನು ಉಟ್ಟು ಅವಳು ಮಾಡಬೇಕಾದ ಕೆಲಸ ಯಾವುದು ಎಂಬ ವಿಚಾರ ಎರಡರಲ್ಲೂ ಇಲ್ಲ. ಆ ವಿಚಾರವನ್ನು ಸ್ವಲ್ಪ ವಿವರವಾಗಿ ಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಮನೆಯ ಲಂಗದಿಂದಲೇ ಹೊರಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಇದು ಲಂಗ. ಉತ್ತರ ಕರ್ನಾಟಕದ ಕಡೆ ಪರಕರ. ಜರಿಯಂಚಿನ ಲಂಗದಲ್ಲಿ ಒಂದು ಸ್ವಾರಸ್ಯವಿದೆ. ನೇಯುವಾಗ ಅಂಚು ಬಟ್ಟೆಯ ಉದ್ದಕ್ಕೂ ಒಂದು ಬದಿಯಲ್ಲಿ ಸಾಗುತ್ತದೆ. ಆ ಬದಿಯನ್ನು ಕೆಳಗೆ ಮಾಡಿ, ಮೇಲಿನ ಬದಿಗೆ ನೆರಿಗೆ ಹಿಡಿದು ಸೊಂಟಪಟ್ಟಿ ಕೂಡಿಸಿದರೆ ಲಂಗವಾಯಿತು. ಎಂದರೆ ಮಗ್ಗದ ಮೇಲೆ ಬಟ್ಟೆಗಿದ್ದ ಪನ್ನವೇ, ಅಂದರೆ ಅಗಲವೇ, ಲಂಗದ ಉದ್ದವಾಗುತ್ತದೆ. ಇಂಥ ಲಂಗದ ಉದ್ದವನ್ನು ಕೆಳಗಡೆ ಕತ್ತರಿಸಿ ಕಡಮೆ ಮಾಡುವಂತಿಲ್ಲ. ಕತ್ತರಿಸಿದರೆ ಅಂಚೇ ಹೋಗುತ್ತದೆ. ಹೆಚ್ಚಾದ ಬಟ್ಟೆಯನ್ನು ಮೇಲೆ ಸೊಂಟದ ಬಳಿ ಅಡಗಿಸಬೇಕು, ಇಲ್ಲವೆ ಅಂಚಿಗಿಂತ ಸ್ವಲ್ಪ ಮೇಲೆ ಅಡ್ಡಮಡಿಕೆ ಹಿಡಿದು ಹೊಲಿಯಬೇಕು.

ಈ ಅಡ್ಡಮಡಿಕೆಯ ಲೆಕ್ಕ ನಮ್ಮ ತಾಯಂದಿರಿಗೆ ಕರತಲಾಮಲಕವಾಗಿತ್ತು. ಒಂದು ಅಂಗುಲ ಅಗಲದ ಮಡಿಕೆ ಎರಡು ಅಂಗುಲ ಉದ್ದವನ್ನು ನುಂಗುತ್ತದೆ. ಅರ್ಧ ಅಂಗುಲದ ಮೂರು ಮಡಿಕೆಗಳಿದ್ದರೆ ಮೂರು ಅಂಗುಲ ಉಳಿತಾಯ. ಶಾಲೆಗೆ ಹೋಗುವ ಮಗು ವರ್ಷಕ್ಕೆ ಸುಮಾರು ಎರಡು ಅಂಗುಲ ಬೆಳೆಯುತ್ತದೆ; ಅದರಲ್ಲಿ ಸೊಂಟದಿಂದ ಕೆಳಗಿನ ಪಾಲು ಒಂದೂಕಾಲು ಅಂಗುಲದಷ್ಟು. ಆದ್ದರಿಂದ ಮೂರು ಮಡಿಕೆಯ ಲಂಗ ಎರಡು ವರ್ಷ ನಿಶ್ಚಿಂತೆಯಾಗಿ ಬರುತ್ತಿತ್ತು. ಮಡಿಕೆ ಬಿಚ್ಚಿದ ಎಡೆಯಲ್ಲಿ ಬಿಸಿಲು ಕಾಣದ ಬಟ್ಟೆ ಗಾಢವಾದ ಪಟ್ಟಿಯಾಗಿ ಕಾಣುತ್ತಿತ್ತು. ನಮ್ಮ ಓರಗೆಯವರಲ್ಲಿ ಆ ಪಟ್ಟಿ ಇಲ್ಲದ ಲಂಗ ಉಟ್ಟವರು ಕಡಮೆ. ಅದರಿಂದ ಯಾರೂ ನಾಚಿಕೊಂಡದ್ದನ್ನು ನಾನು ಕಾಣೆ. ಲಂಗ ಹುಡುಗಿಗೆ ತಕ್ಕಂತೆ ಬದಲಾಗುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಬಟ್ಟೆಗೆ ತಕ್ಕಂತೆ ಹುಡುಗಿ ಬದಲಾಗಬೇಕೆಂದು ಯಾವ ತಾಯಿಯೂ ಹೇಳುತ್ತಿರಲಿಲ್ಲ.

ಉದ್ದವಿದ್ದಷ್ಟೂ ಮರ್ಯಾದೆ ಎಂಬುದು ನಮ್ಮ ಪರಂಪರೆಯ ಮಾತೆಂದು ಹಲವರು ನಂಬಿದ್ದಾರೆ. ಮಲೆನಾಡಿನ ಗದ್ದೆಗಳಲ್ಲಿ ನಾಟಿ ನಡೆಯುವಾಗ ಹೋಗಿ ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ. ಕೆಸರಿಗೆ ಇಳಿದ ಹೆಂಗಸರು ಸೀರೆಯನ್ನು ಮಂಡಿಯವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ಅದೇ ಹೆಂಗಸರು ಜಾತ್ರೆಯ ದಿನ ಪಾದ ಮುಚ್ಚುವಂತೆ ಸೀರೆ ಉಡುತ್ತಾರೆ. ಕುಂಟೆಬಿಲ್ಲೆಯ ಆಟಕ್ಕೆ ನಿಂತ ಹುಡುಗಿ ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ; ದೀಪ ಹಚ್ಚುವ ಹೊತ್ತಿಗೆ ಅದನ್ನು ಇಳಿಬಿಡುತ್ತಾಳೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟು ಹೊಲದಲ್ಲಿ ಸಲೀಸಾಗಿ ನಡೆದಾಡುತ್ತಾರೆ. ಉದ್ದವನ್ನು ನಿರ್ಣಯಿಸುತ್ತಿದ್ದುದು ಕೆಲಸ. ಒಂದೇ ಬಟ್ಟೆ ದಿನದಲ್ಲಿ ಎರಡು ಮೂರು ಉದ್ದಗಳನ್ನು ತಾಳುತ್ತಿತ್ತು. ಅದರಿಂದ ಅವರ ಗೌರವಕ್ಕೆ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

ಇಂದು ನಮ್ಮ ಊರುಗಳ ಅಂಗಡಿಗಳಲ್ಲಿ ಲಂಗದ ಪಕ್ಕದಲ್ಲೇ ಮಿನಿ, ಮಿಡಿ, ಮ್ಯಾಕ್ಸಿ ಎಂಬ ಹೆಸರುಗಳನ್ನು ಹೊತ್ತ ಸ್ಕರ್ಟುಗಳು ತೂಗುತ್ತಿರುತ್ತವೆ. ಮಂಡಿಗಿಂತ ಮೇಲೆ ನಿಲ್ಲುವುದು ಮಿನಿ, ಮೀನಖಂಡದ ಆಸುಪಾಸಿನಲ್ಲಿ ನಿಲ್ಲುವುದು ಮಿಡಿ, ಪಾದದ ಗಿಣ್ಣಿಗೆ ಇಳಿಯುವುದು ಮ್ಯಾಕ್ಸಿ. ಈ ಹೆಸರುಗಳು ಬಂದ ಪಶ್ಚಿಮ ದೇಶಗಳ ಕಥೆಯನ್ನೂ ಎರಡು ಮಾತಿನಲ್ಲಿ ನೋಡಬಹುದು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಲ್ಲಿನ ಪ್ರಾಯದ ಹೆಂಗಸರ ಸ್ಕರ್ಟು ಬಹುಮಟ್ಟಿಗೆ ಪಾದದವರೆಗೆ ಇರುತ್ತಿತ್ತು. ಶತಮಾನದ ಕೊನೆಯಲ್ಲಿ ಬೈಸಿಕಲ್ಲು, ಆಮೇಲೆ 1914ರ ಮಹಾಯುದ್ಧದ ಕಾಲದ ದುಡಿಮೆ ಅದನ್ನು ನೆಲದಿಂದ ಮೇಲೆತ್ತಿದವು. 1920ರ ದಶಕದ ನಡುವೆ ಅದು ಮಂಡಿಯ ಬಳಿಗೆ ಬಂದು, ಮುಂದಿನ ದಶಕದಲ್ಲಿ ಮತ್ತೆ ಇಳಿಯಿತು. ಎರಡನೆಯ ಯುದ್ಧದಲ್ಲಿ ಬಟ್ಟೆಗೆ ಪಡಿತರ ಬಂದು ಬ್ರಿಟನ್ನಿನಲ್ಲಿ ಗಿಡ್ಡವಾಯಿತು. ಅಲ್ಲಿ ಆ ಪಡಿತರ 1941ರಿಂದ 1949ರವರೆಗೆ ನಡೆಯಿತು. 1947ರಲ್ಲಿ ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆ ಹಿಡಿಯುವ ಉದ್ದನೆಯ ಘೇರುಳ್ಳ ಸ್ಕರ್ಟನ್ನು ಮುಂದಿಟ್ಟಾಗ, ಬಟ್ಟೆಯ ಅಭಾವದಲ್ಲಿದ್ದ ಜನ ಬೆರಗಾದರು, ಸಿಟ್ಟೂ ಆದರು. 1960ರ ದಶಕದಲ್ಲಿ ಲಂಡನ್ನಿನ ಮೇರಿ ಕ್ವಾಂಟ್, ಪ್ಯಾರಿಸ್ಸಿನ ಆಂದ್ರೆ ಕೂರೇಜ್ ಮೊದಲಾದವರ ಕೈಯಲ್ಲಿ ಅದು ಮಂಡಿಯನ್ನು ದಾಟಿ ಮೇಲೇರಿತು. ಪ್ರತಿಯೊಂದು ಸಲವೂ ಹೊಸ ಉದ್ದ ಎಲ್ಲರಿಗೂ ಒಪ್ಪುವ ಉದ್ದವೆಂದು ಸಾರಲಾಯಿತು. ಕೆಲವೇ ವರ್ಷಗಳಲ್ಲಿ ಅದು ಹಳತಾಯಿತು. ಅಂಥ ಸಾರುವಿಕೆಗೆ ಎಷ್ಟು ಬೆಲೆ ಕೊಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಒಪ್ಪುವ ಉದ್ದವನ್ನು ಕಂಡುಕೊಳ್ಳುವ ಬಗೆ ಹೇಗೆ? ಇಲ್ಲಿ ಕಣ್ಣಿನ ಸ್ವಭಾವವನ್ನು ತಿಳಿದಿರಬೇಕು. ಅಂಚು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನೋಡುವವರ ದೃಷ್ಟಿಯೂ ನಿಲ್ಲುತ್ತದೆ. ಆ ಎಡೆಯಲ್ಲಿ ಕಾಲು ಎಷ್ಟು ದಪ್ಪವಿದೆಯೋ, ಬಟ್ಟೆಯೊಳಗೆ ಮರೆಯಾದ ಕಾಲೂ ಅಷ್ಟೇ ದಪ್ಪವೆಂದು ಕಣ್ಣು ಊಹಿಸಿಕೊಳ್ಳುತ್ತದೆ. ಕಾಲಿನಲ್ಲಿ ಸಹಜವಾಗಿ ಕಿರಿದಾದ ಎಡೆಗಳು ಎರಡು: ಮಂಡಿಯ ಚಿಪ್ಪಿನ ಕೆಳಗೆ ಒಂದು, ಮೀನಖಂಡ ಮುಗಿದು ಪಾದದ ಗಿಣ್ಣಿಗೆ ಇಳಿಯುವಲ್ಲಿ ಇನ್ನೊಂದು. ಈ ಎರಡರಲ್ಲಿ ಒಂದು ಕಡೆ ಅಂಚು ನಿಂತರೆ ಬಹುಮಂದಿಗೆ ಒಪ್ಪುತ್ತದೆ. ಮೀನಖಂಡದ ತೀರ ದಪ್ಪವಾದ ನಡುಭಾಗಕ್ಕೆ ಸರಿಯಾಗಿ ಅಂಚು ನಿಂತರೆ ತೆಳ್ಳನೆಯವರೂ ಅಲ್ಲಿ ದಪ್ಪವಾಗಿ ಕಾಣುತ್ತಾರೆ.

ಸಿದ್ಧ ಉಡುಪಿನ ತೊಡಕು ಇಲ್ಲಿಯೇ ಇದೆ. ಮೂವತ್ತು ಅಂಗುಲ ಉದ್ದದ ಒಂದು ಸ್ಕರ್ಟನ್ನು ತೆಗೆದುಕೊಳ್ಳಿ. ಐದು ಅಡಿ ಎತ್ತರದವಳಿಗೆ ಸೊಂಟದಿಂದ ನೆಲಕ್ಕೆ ಸುಮಾರು 37 ಅಂಗುಲ. ಐದೂವರೆ ಅಡಿಯವಳಿಗೆ ಸುಮಾರು 41 ಅಂಗುಲ. ಮೊದಲಿನವಳಿಗೆ ಅಂಚು ನೆಲದಿಂದ ಏಳು ಅಂಗುಲ ಮೇಲೆ, ಮೀನಖಂಡ ಇಳಿದ ಎಡೆಯಲ್ಲಿ ನಿಂತು ಒಪ್ಪುತ್ತದೆ. ಎರಡನೆಯವಳಿಗೆ ಹನ್ನೊಂದು ಅಂಗುಲ ಮೇಲೆ, ದಪ್ಪಭಾಗದ ಸಮೀಪದಲ್ಲಿ ನಿಲ್ಲುತ್ತದೆ. ಬಟ್ಟೆ ಒಂದೇ, ಬಣ್ಣ ಒಂದೇ, ಬೆಲೆಯೂ ಒಂದೇ. ಗೆಳತಿಗೆ ಚೆನ್ನಾಗಿ ಕಂಡದ್ದು ತನಗೇಕೆ ಕಾಣಲಿಲ್ಲವೆಂದು ಹುಡುಗಿ ಕನ್ನಡಿಯ ಮುಂದೆ ತನ್ನ ಮೈಯನ್ನೇ ಹಳಿದುಕೊಳ್ಳುತ್ತಾಳೆ. ಹಳಿಯಬೇಕಾದದ್ದು ಆ ನಾಲ್ಕು ಅಂಗುಲದ ವ್ಯತ್ಯಾಸವನ್ನು ಅಷ್ಟೆ.

ಎರಡನೆಯದು ಪ್ರಮಾಣ. ನಮ್ಮ ಕಂದಪದ್ಯವನ್ನು ನೆನೆಯಿರಿ. ಅದರ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20. ಮತ್ತೆ 12, ಮತ್ತೆ 20. ಒಂದು ಗಿಡ್ಡ, ಒಂದು ಉದ್ದ ಎಂಬ ಈ ಏರುಪೇರಿನಿಂದಲೇ ಅದಕ್ಕೊಂದು ನಡೆ ಬಂದಿದೆ. ಉಡುಪಿನಲ್ಲೂ ಮೇಲಿನ ಪಾಲು ಕೆಳಗಿನ ಪಾಲು ಸಮಸಮವಾದರೆ ಆಕೃತಿ ಮೊಟಕಾಗಿ ಕಾಣುತ್ತದೆ. ತೊಡೆಯವರೆಗೆ ಬರುವ ಉದ್ದನೆಯ ಅಂಗಿಯ ಕೆಳಗೆ ಮಂಡಿಯುದ್ದದ ಸ್ಕರ್ಟು ಉಟ್ಟರೆ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಗುಳೇದಗುಡ್ಡದ ಖಣದ ಪೋಲಕ ಗಿಡ್ಡ, ಅದರ ಕೆಳಗಿನ ಪರಕರ ಉದ್ದ. ಕಿರಿದು ಮೇಲೆ, ಹಿರಿದು ಕೆಳಗೆ ಎಂಬ ಈ ಜೋಡಣೆ ಗಿಡ್ಡನೆಯ ಹುಡುಗಿಯನ್ನೂ ಎತ್ತರವಾಗಿ ತೋರಿಸುತ್ತದೆ.

ಎತ್ತರ ಕಡಮೆ ಇರುವವರು ಸ್ಕರ್ಟನ್ನಾದರೆ ಮಂಡಿಯ ಕೆಳಗಿನ ಕಿರಿದಾದ ಎಡೆಗೆ, ಲಂಗವನ್ನಾದರೆ ಪೂರ್ತಿ ಪಾದದ ಗಿಣ್ಣಿಗೆ ನಿಲ್ಲಿಸಿಕೊಂಡರೆ ಒಳಿತು. ಎರಡರ ನಡುವೆ ನಿಂತದ್ದು ಕಾಲನ್ನು ತುಂಡರಿಸಿದಂತೆ ತೋರುತ್ತದೆ. ಅಂಚಿನ ಅಗಲವನ್ನೂ ನೋಡಬೇಕು. ಗೇಣಗಲದ ಜರಿಯಂಚು ನೋಟವನ್ನು ಕೆಳಕ್ಕೆ ಎಳೆದು ಎತ್ತರವನ್ನು ಕಡಮೆ ಮಾಡುತ್ತದೆ. ಅದು ಎತ್ತರದವರಿಗೆ ಶೋಭೆ. ಗಿಡ್ಡನೆಯವರಿಗೆ ಎರಡು ಮೂರು ಅಂಗುಲದ ಅಂಚು ಸಾಕು. ಸೊಂಟದ ಕೆಳಗೆ ಮೈ ತುಂಬಿಕೊಂಡವರು ಸೊಂಟಪಟ್ಟಿಯಿಂದಲೇ ದಟ್ಟನೆಯ ನೆರಿಗೆ ಹಿಡಿಸಬಾರದು. ಮೇಲೆ ಮೈಗೆ ಒರಗಿ ಕೆಳಗೆ ಬರಬರುತ್ತ ಅಗಲವಾಗುವ ಹೊಲಿಗೆ ಅವರಿಗೆ ಹಿತ. ಬಟ್ಟೆಯ ಸ್ವಭಾವವನ್ನೂ ಮರೆಯುವಂತಿಲ್ಲ. ಗರಿಯಾದ ರೇಷ್ಮೆ ಮೈಯಿಂದ ದೂರ ಉಬ್ಬಿ ನಿಲ್ಲುವುದರಿಂದ ಅಂಚು ಸ್ವಲ್ಪ ಮೇಲೇರುತ್ತದೆ. ಮೆತ್ತನೆಯ ಬಟ್ಟೆ ಜೋತುಬೀಳುವುದರಿಂದ ಅದೇ ಅಳತೆ ಉದ್ದವಾಗಿ ಕಾಣುತ್ತದೆ.

ಇನ್ನು ಅಳೆಯುವ ಕ್ರಮ. ಸಾಮಾನ್ಯವಾಗಿ ಸೊಂಟದಿಂದ ಕೆಳಕ್ಕೆ ಟೇಪು ಹಿಡಿದು ಅಳೆಯುತ್ತಾರೆ. ಹೊಟ್ಟೆ ಮುಂದಿದ್ದವರಿಗೆ ಮುಂದಿನ ಅಂಚು ಮೇಲೇರುತ್ತದೆ. ನಿತಂಬ ತುಂಬಿದ್ದವರಿಗೆ ಹಿಂದಿನದು. ಆದ್ದರಿಂದ ಕೊನೆಯ ಅಳತೆಯನ್ನು ನೆಲದಿಂದ ಮೇಲಕ್ಕೆ ತೆಗೆಯಬೇಕು. ಉಡುವವಳು ಅದರೊಂದಿಗೆ ಹಾಕಿಕೊಳ್ಳುವ ಚಪ್ಪಲಿಯನ್ನೇ ಮೆಟ್ಟಿ ನೆಟ್ಟಗೆ ನಿಲ್ಲಲಿ. ಇನ್ನೊಬ್ಬರು ನೆಲದ ಮೇಲೆ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದು ಸುತ್ತಲೂ ಒಂದೇ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಲಿ. ಬಗ್ಗಿ ನೋಡಿದರೆ ಬಟ್ಟೆ ಸರಿಯುತ್ತದೆ. ಉಟ್ಟವಳೇ ಗುರುತು ಹಾಕಿಕೊಳ್ಳುವುದು ಸಾಧ್ಯವಿಲ್ಲ. ಜರಿಯಂಚಿನ ಲಂಗವಾದರೆ ಏರುಪೇರನ್ನು ಸೊಂಟಪಟ್ಟಿಯಲ್ಲಿ ಸರಿಪಡಿಸಬೇಕು. ಹತ್ತಿಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿ ಕುಗ್ಗಿ ಅಳತೆ ವ್ಯರ್ಥವಾಗುತ್ತದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದ ಸ್ಕರ್ಟನ್ನು ಒಂದು ದಿನ ತೂಗುಹಾಕಿ, ಅದು ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಮಡಿಸಬೇಕು. ಗುರುತು ಹಾಕಿ ಗುಂಡುಸೂಜಿ ಚುಚ್ಚಿದ ಮೇಲೆ ಹೊಲಿಯುವ ಮೊದಲು ಮೂರು ಪರೀಕ್ಷೆಗಳಾಗಬೇಕು: ಕುರ್ಚಿಯಲ್ಲಿ ಕುಳಿತು ನೋಡುವುದು, ನೆಲದಲ್ಲಿ ಕುಳಿತು ಏಳುವುದು, ನಾಲ್ಕು ಮೆಟ್ಟಿಲು ಹತ್ತಿ ಇಳಿಯುವುದು. ಪ್ರತಿ ಸಲವೂ ಕೈ ತಾನಾಗಿ ಅಂಚಿನ ಕಡೆಗೆ ಹೋದರೆ, ಎಳೆದುಕೊಳ್ಳುವುದಕ್ಕೋ ಎತ್ತಿಕೊಳ್ಳುವುದಕ್ಕೋ, ಆ ಉದ್ದ ಸರಿಯಾಗಿಲ್ಲವೆಂದೇ ತಿಳಿಯಬೇಕು.

ಸಂದರ್ಭದ ವಿಚಾರವೂ ಈ ಪರೀಕ್ಷೆಯಿಂದಲೇ ಹೊರಡುತ್ತದೆ. ಹಬ್ಬಕ್ಕೆ, ಮದುವೆಗೆ ಉಡುವ ರೇಷ್ಮೆ ಲಂಗ ನೆಲದಿಂದ ಒಂದೆರಡು ಅಂಗುಲ ಮೇಲೆ, ಕಾಲ್ಗೆಜ್ಜೆ ಇಣುಕುವಂತೆ ಇದ್ದರೆ ಚೆಂದ. ನೆಲವನ್ನು ಗುಡಿಸುವ ಲಂಗ ಜರಿಯನ್ನೂ ಕೆಡಿಸುತ್ತದೆ, ಮುಗ್ಗರಿಸುವಂತೆಯೂ ಮಾಡುತ್ತದೆ. ಕಚೇರಿಗೆ, ಕಾಲೇಜಿಗೆ ಉಡುವ ಸ್ಕರ್ಟು ಕುಳಿತಾಗ ಚಿಂತೆ ಹಚ್ಚದಂತಿರಬೇಕು. ಮಂಡಿಯ ಕೆಳಗಿನಿಂದ ಮೊದಲುಗೊಂಡು ಎಲ್ಲ ಉದ್ದಗಳೂ ಅಲ್ಲಿ ನಡೆಯುತ್ತವೆ. ಸಭೆಯ ಎತ್ತರದ ವೇದಿಕೆಯ ಮೇಲೆ ಕುಳಿತುಕೊಳ್ಳಬೇಕಾದವರು, ಕೆಳಗಿನಿಂದ ನೋಡುವವರ ದೃಷ್ಟಿ ಬೇರೆ ಎಂಬುದನ್ನು ನೆನೆದು ಇನ್ನೊಂದು ಗೇಣು ಸೇರಿಸಿಕೊಂಡರೆ ನೆಮ್ಮದಿ.

ಕೆಲವು ಸಂದರ್ಭಗಳಲ್ಲಿ ಉದ್ದದ ಪ್ರಶ್ನೆ ಚೆಂದವನ್ನು ದಾಟಿ ಪ್ರಾಣದವರೆಗೆ ಹೋಗುತ್ತದೆ. ಮೋಟಾರ್ ಸೈಕಲ್ಲಿನ ಹಿಂದೆ ಒಂದು ಬದಿಗೆ ಕುಳಿತವರ ಲಂಗ, ಸೀರೆ, ದುಪಟ್ಟ ಹಿಂಚಕ್ರಕ್ಕೆ ಸಿಕ್ಕಿ ಆಗುವ ಅನಾಹುತಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವು, ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷೆ ಇರಬೇಕೆಂದು ವಿಧಿಸುತ್ತದೆ. ಅದನ್ನು ಅಂದಗೆಡಿಸುವ ವಸ್ತುವೆಂದು ಬಿಚ್ಚಿಸಿ ಹಾಕುವ ತರುಣರು ಈ ಮಾತನ್ನು ಕೇಳಬೇಕು. ಕರ್ನಾಟಕದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಬೈಸಿಕಲ್ ಕೊಡುವ ಯೋಜನೆ ಆರಂಭವಾದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಬೈಸಿಕಲ್ಲಿನ ಸರಪಳಿಗೆ ಪಾದ ಮುಟ್ಟುವ ಲಂಗ ಒಳ್ಳೆಯ ಜೊತೆಯಲ್ಲ. ಮಂಡಿಗೂ ಗಿಣ್ಣಿಗೂ ನಡುವೆ ನಿಲ್ಲುವ, ಘೇರು ಮಿತವಾದ ಉಡುಪು, ಇಲ್ಲವೆ ಚೂಡಿದಾರವೇ ಅಲ್ಲಿ ಉಚಿತ. ನೋಟಕ್ಕೆ ಅಷ್ಟು ಹಿತವಲ್ಲವೆಂದು ನಾನು ಹೇಳಿದ ಉದ್ದವೇ ಇಲ್ಲಿ ಹಿತವಾಗುತ್ತದೆ ಎಂಬುದನ್ನು ಗಮನಿಸಿ.

ಬೆಂಕಿಯ ಮಾತೂ ಹಾಗೆಯೇ. ದೀಪಾವಳಿಯಲ್ಲಿ ಹಣತೆಗಳು ನೆಲದ ಮೇಲಿರುತ್ತವೆ. ಲಂಗದ ಅಂಚೂ ನೆಲದ ಹತ್ತಿರವೇ ಇರುತ್ತದೆ. ಹತ್ತಿಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ದೀಪ ಹಚ್ಚುವ, ಪಟಾಕಿ ಹಾರಿಸುವ ಹುಡುಗಿಯ ಲಂಗವನ್ನು ಅಷ್ಟು ಹೊತ್ತು ಎತ್ತಿ ಕಟ್ಟುವುದು ಅಸಭ್ಯವಲ್ಲ, ವಿವೇಕ. ಇನ್ನೊಂದು ಸಂಗತಿ: ಉದ್ದ ಮತ್ತು ಘೇರು ಹೆಚ್ಚಿದಷ್ಟೂ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದಷ್ಟೂ ಲಾಡಿಯನ್ನು ಬಿಗಿಯಬೇಕಾಗುತ್ತದೆ. ದಶಕಗಳ ಕಾಲ ಒಂದೇ ಎಡೆಯಲ್ಲಿ ಬಿಗಿದ ಒಳಲಂಗದ ಲಾಡಿಯಿಂದ ಸೊಂಟದ ಚರ್ಮ ಹುಣ್ಣಾಗಿ, ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಿದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಕಿರಿದಾದ ಲಾಡಿಗಿಂತ ಅಗಲವಾದ ಸೊಂಟಪಟ್ಟಿ ಮೇಲು. ಚರ್ಮದಲ್ಲಿ ಗುರುತು ಉಳಿಯುವಷ್ಟು ಬಿಗಿಯುವುದಂತೂ ಸಲ್ಲದು.

ಕೊನೆಯದಾಗಿ, ನಿರ್ಣಯ ಯಾರದು ಎಂಬ ಪ್ರಶ್ನೆ. ಲಂಗದ ಉದ್ದವನ್ನು ಕುರಿತ ಮನೆಯ ಜಗಳಗಳು ಬಹುಬೇಗ ಶೀಲದ ಮಾತಿಗೆ ತಿರುಗುತ್ತವೆ. ಅದು ಅನ್ಯಾಯ. ಟೇಪು ಬಟ್ಟೆಯನ್ನು ಅಳೆಯುತ್ತದೆ. ಮನಸ್ಸನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ನಲವತ್ತು ಅಂಗುಲದ ಲಂಗದೊಳಗೆ ಒಳ್ಳೆಯತನವೂ ಇಪ್ಪತ್ತು ಅಂಗುಲದ ಸ್ಕರ್ಟಿನೊಳಗೆ ಕೆಟ್ಟತನವೂ ಇರುತ್ತವೆಂದು ನಂಬಿದರೆ, ನಾಟಿಯ ಗದ್ದೆಯಲ್ಲಿ ನಿಂತ ತಾಯಂದಿರ ಮುಂದೆ ನಾವು ತಲೆತಗ್ಗಿಸಬೇಕಾಗುತ್ತದೆ. ಬೀದಿಯಲ್ಲಿ ಹುಡುಗಿಗೆ ಕಿರುಕುಳವಾದಾಗ ಅವಳ ಅಂಚಿನ ಎತ್ತರವನ್ನು ವಿಚಾರಿಸುವ ರೂಢಿ ಇನ್ನೂ ಹೋಗಿಲ್ಲ. ವಿಚಾರಿಸಬೇಕಾದದ್ದು ಕಿರುಕುಳ ಕೊಟ್ಟವನನ್ನು. ಹಿರಿಯರು ಹೇಳಬೇಕಾದ ಮಾತುಗಳು ಬೇರೆ ಇವೆ: ಕುಳಿತು ನೋಡು, ನಡೆದು ನೋಡು, ಹೋಗುವ ಎಡೆಯನ್ನು ನೆನೆ, ಚಕ್ರದ ಬಗ್ಗೆ ದೀಪದ ಬಗ್ಗೆ ಎಚ್ಚರವಾಗಿರು. ಇಷ್ಟು ಹೇಳಿ ಕನ್ನಡಿಯನ್ನು ಅವಳಿಗೇ ಬಿಟ್ಟುಕೊಡುವುದು ಲೇಸು.

ನಾನು ಹೇಳಿದವೂ ನಿಯಮಗಳೇ, ಅವಕ್ಕೂ ಮಿತಿಯುಂಟು. ಸಂಸ್ಕೃತದ ವೃತ್ತಗಳನ್ನು ಕನ್ನಡಕ್ಕೆ ತಂದ ನಮ್ಮ ಹಳೆಯ ಕವಿಗಳು ಆದಿಪ್ರಾಸವನ್ನು ಬಿಡದೆ ಹಿಡಿದರು. ಯತಿಯನ್ನು ಮಾತ್ರ ಅಳುಕಿಲ್ಲದೆ ದಾಟಿದರು. ಯಾವುದನ್ನು ಹಿಡಿಯಬೇಕು, ಯಾವುದನ್ನು ದಾಟಬಹುದು ಎಂಬ ವಿವೇಚನೆ ಅವರಿಗಿತ್ತು. ಲಂಗದ ವಿಷಯದಲ್ಲಿ ಬಿಡದೆ ಹಿಡಿಯಬೇಕಾದವು ಎರಡು: ಮೈಗೆ ಸುಖ, ಜೀವಕ್ಕೆ ಕ್ಷೇಮ. ಮಿಕ್ಕದ್ದನ್ನು, ಮೀನಖಂಡದ ಲೆಕ್ಕವನ್ನೂ ಕಂದಪದ್ಯದ ಪ್ರಮಾಣವನ್ನೂ, ಉಡುವವಳು ತನಗೆ ಮನಸ್ಸು ಬಂದಾಗ ದಾಟಬಹುದು. ಉಟ್ಟು ಹೊರಟ ಮೇಲೆ ಅಂಚಿನ ನೆನಪೇ ಬಾರದೆ ಸಂಜೆಯವರೆಗೆ ಅವಳು ತನ್ನ ಕೆಲಸದಲ್ಲಿ ಮುಳುಗಿದ್ದರೆ, ಆ ಲಂಗದ ಉದ್ದ ಸರಿಯಾಗಿದೆ.